ಕ್ಷಣದ ಒಳಗಿನ ಹೊತ್ತು

ಅಕ್ಕಲಕೋಟೆಯಲ್ಲಿ ಸೂರ್ಯ ಮೂಡಿ ಸುಮಾರು 70 ಸೆಕೆಂಡು ಕಳೆದ ಮೇಲೆ ಸೊಲ್ಲಾಪುರದಲ್ಲಿ ಮೂಡುತ್ತಾನೆ. ಎರಡು ಊರುಗಳ ನಡುವೆ ನಲವತ್ತು ಕಿಲೋಮೀಟರಿನಷ್ಟು ದಾರಿ, ಅಕ್ಕಲಕೋಟೆ ಆಗ್ನೇಯಕ್ಕೆ. ಎರಡೂ ಊರಿನ ಗಡಿಯಾರಗಳು ಒಂದೇ ವೇಳೆ ತೋರಿಸುತ್ತವೆ, ಭೂಮಿ ಮಾತ್ರ ತನ್ನ ಲೆಕ್ಕ ಬಿಟ್ಟುಕೊಡುವುದಿಲ್ಲ. ಅಕ್ಕಲಕೋಟೆಯ ವಟವೃಕ್ಷ ಮಂದಿರದ ಕಾಕಡಾರತಿ ಮುಗಿಸಿ ಹೊರಬಂದವರ ಮೈಗೆ ಎಳೆಬಿಸಿಲು ತಾಕುವಾಗ ಸೊಲ್ಲಾಪುರದ ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ ನಡೆಯುತ್ತಿರುವವರಿಗೆ ಮೂಡಣ ಬರೀ ಕೆಂಪಾಗಿರುತ್ತದೆ. ಆ ಬಿಸಿಲಾದರೂ ಹೊಸದಲ್ಲ. ಸೂರ್ಯನನ್ನು ಬಿಟ್ಟು ಎಂಟು ನಿಮಿಷದ ಮೇಲಾಗಿರುತ್ತದೆ.

ನಾವು ಇದೆಲ್ಲವನ್ನೂ ಸೇರಿಸಿ ಬೆಳಗಾಯಿತು ಅನ್ನುತ್ತೇವೆ. ಅನ್ನುವುದರಲ್ಲಿ ತಪ್ಪಿಲ್ಲ, ಬದುಕು ಸಾಗಬೇಕಲ್ಲ. ಆದರೆ ದಿನದ ಗದ್ದಲ ಶುರುವಾಗುವ ಮುಂಚಿನ ಈ ತಿಳಿ ಹೊತ್ತಿನಲ್ಲಿ ಒಂದು ವಿಚಾರ ನನ್ನನ್ನು ಬಿಡದೆ ಹಿಡಿಯುತ್ತದೆ. ಒಮ್ಮೆಲೇ ಆಗಿಹೋಯಿತು ಎಂದು ನಾವು ತಿಳಿದಿರುವ ಸಂಗತಿಗಳ ಒಳಗೆ ಎಷ್ಟು ಹೊತ್ತು ಅಡಗಿದೆ? ಅಲ್ಲಿ ಏನೇನು ನಡೆಯುತ್ತದೆ? ಯಾವುದು ಮೊದಲು, ಯಾವುದು ಆಮೇಲೆ?

ನಮ್ಮ ಕಣ್ಣನ್ನೇ ತೆಗೆದುಕೊಳ್ಳೋಣ. ಕಣ್ಣಿನ ಹಿಂಬದಿಯ ಪರದೆಯಲ್ಲಿ ರೆಟಿನಾಲ್ ಎಂಬ ಬಾಗಿದ ಅಣುವೊಂದಿದೆ. ಬೆಳಕು ತಾಗಿದಾಗ ಅದರ ಒಂದು ಬಂಧ ತಿರುಚಿಕೊಂಡು ಅಣು ನೆಟ್ಟಗಾಗುತ್ತದೆ. ನೋಟದ ಮೊದಲ ಹೆಜ್ಜೆ ಅದು. ನರಗಳ ಓಟ, ಮಿದುಳಿನ ಕೆಲಸ, ಇದು ಕೆರೆ, ಇದು ಗೋಪುರ ಎಂಬ ಗುರುತು, ಎಲ್ಲವೂ ಆಮೇಲಿನವು. 1991ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ರಿಚರ್ಡ್ ಮ್ಯಾಥೀಸ್, ಚಾರ್ಲ್ಸ್ ಶ್ಯಾಂಕ್ ಮತ್ತು ಸಂಗಡಿಗರು ಆ ತಿರುಚುವಿಕೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದರು. 200 ಫೆಮ್ಟೊಸೆಕೆಂಡ್. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಫೆಮ್ಟೊಸೆಕೆಂಡ್. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು ಒಂದು ಫೆಮ್ಟೊಸೆಕೆಂಡಿನಲ್ಲಿ ಹೋಗುವುದು ಒಂದು ಮಿಲಿಮೀಟರಿನ ಮೂರು ಸಾವಿರದ ಒಂದು ಪಾಲಿನಷ್ಟು ಮಾತ್ರ. ಅಷ್ಟು ಕಿರಿದಾದ ಹೊತ್ತಿನಲ್ಲಿ ಈ ಬೆಳಗು ನಮಗೆ ಬೆಳಗಾಗುತ್ತದೆ.

ಅಷ್ಟು ಚಿಕ್ಕ ಹೊತ್ತನ್ನು ಯಾವ ಗಡಿಯಾರ ಅಳೆದೀತು? ಉತ್ತರದ ಮೊದಲ ಎಳೆ ಸೊಲ್ಲಾಪುರದ ಗಿರಣಿಗಳಲ್ಲೇ ಇದೆ. ಹಿಂದೆ ಊರಿಗೆ ವೇಳೆ ತಿಳಿಯುತ್ತಿದ್ದುದೇ ಗಿರಣಿಯ ಭೋಂಗಾದಿಂದ. ಕನ್ನಡ, ಮರಾಠಿ, ತೆಲುಗು, ಉರ್ದು ಯಾವ ಮಾತಿನ ಮನೆಯೇ ಇರಲಿ, ಭೋಂಗಾ ಕೂಗಿತೆಂದರೆ ಎದ್ದರು, ಪಾಳಿಗೆ ನಡೆದರು. ಆ ಹಳೆಯ ದೊಡ್ಡ ಗಿರಣಿಗಳು ಮುಚ್ಚಿದ್ದಾವೆ. ಅಂಥ ಕಡೆ ಜಾಬರ್, ಅಂದರೆ ಮೇಸ್ತ್ರಿ, ಆಗಿ ಆಯುಷ್ಯ ಕಳೆದ ಹಿರಿಯರೊಬ್ಬರು ನೂಲುವ ಖಾತೆಯ ಒಂದು ಸಲಕರಣೆಯ ಬಗ್ಗೆ ನನಗೆ ಹೇಳಿದ್ದರು. ಕದಿರುಗಳು ನಿಮಿಷಕ್ಕೆ ಹತ್ತು ಹದಿನೈದು ಸಾವಿರ ಸುತ್ತು ತಿರುಗುತ್ತವೆ. ಕಣ್ಣಿಗೆ ಬರೀ ಮಸುಕು. ಯಾವ ಕದಿರು ಓಲಾಡುತ್ತಿದೆ, ಯಾವುದರ ವೇಗ ಕುಂದಿದೆ ಎಂದು ತಿಳಿಯಲು ಒಂದು ಮಿಣುಕುವ ದೀಪ ಹಿಡಿಯುತ್ತಿದ್ದರಂತೆ, ಸ್ಟ್ರೋಬೋಸ್ಕೋಪು. ದೀಪ ಮಿಣುಕುವ ವೇಗವೂ ಕದಿರು ತಿರುಗುವ ವೇಗವೂ ಸರಿಹೊಂದಿದರೆ ಪ್ರತಿ ಮಿಣುಕಿಗೂ ಕದಿರು ಅದೇ ಜಾಗದಲ್ಲಿ ಸಿಗುತ್ತದೆ. ಅವರು ಕೈ ಮುಂದೆ ಮಾಡಿ ತೋರಿಸಿದರು: "ನಿಂತಂಗ ಕಾಣ್ತದ ನೋಡ್ರಿ. ಹೌದಂತ ನಂಬಿ ಬೆರಳ ಇಟ್ರ ಬೆರಳೇ ಹೋಗ್ತದ."

ಓಡುವುದನ್ನು ನೋಡಬೇಕಾದರೆ ಅದು ಜಾಗ ಬದಲಿಸುವುದಕ್ಕಿಂತ ಬೇಗ ಮಿಣುಕಿ ಆರುವ ಬೆಳಕು ಬೇಕು. ಕದಿರಿಗೆ ಸಾಕಾಗುವ ದೀಪ ಅಣುವಿಗೆ ಸಾಲದು. ಜಲಜನಕದ ಎರಡು ಪರಮಾಣು ಸೇರಿದ ಅಣು ಒಂದು ಸಲ ಹಿಗ್ಗಿ ಕುಗ್ಗಲು 8 ಫೆಮ್ಟೊಸೆಕೆಂಡ್ ಹಿಡಿಯುತ್ತದೆ. ಹಾಗಾದರೆ ಬೆಳಕಿನ ತುಣುಕು, ಅಂದರೆ ಪಲ್ಸ್, ಅದಕ್ಕಿಂತಲೂ ಗಿಡ್ಡ ಇರಬೇಕು. ಅದು ಲೇಸರಿನಿಂದ ಮಾತ್ರ ಆಗುವ ಕೆಲಸ. ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದ್ದು 1960ರ ಮೇ 16ರಂದು. ಅದಕ್ಕೆ ಎರಡು ವಾರ ಮುಂಚೆ, ಮೇ 1ರಂದು, ಮಹಾರಾಷ್ಟ್ರ ರಾಜ್ಯ ಹುಟ್ಟಿತ್ತು. ಆ ಹೊಸ ರಾಜ್ಯದೊಳಗೆ ಉಳಿದ ಅಕ್ಕಲಕೋಟೆಯ ಕನ್ನಡ ಮನೆಗಳಲ್ಲಿ ಆ ಬೇಸಿಗೆಯಲ್ಲಿ ಯಾವ ಮಾತು ನಡೆದಿರಬಹುದು ಎಂಬುದನ್ನು ಊಹಿಸಬಹುದು. ಲೇಸರಿನ ಮಾತಂತೂ ಅಲ್ಲ. ಕಾಲ ಹೀಗೆ ಒಂದೇ ತಿಂಗಳಲ್ಲಿ ಸಂಬಂಧವಿಲ್ಲದ ಎರಡನ್ನು ಅಕ್ಕಪಕ್ಕ ಇಟ್ಟುಬಿಡುತ್ತದೆ.

ಆ ಮೇಲಿನ ಮೂರು ದಶಕಗಳಲ್ಲಿ ಪಲ್ಸು ಗಿಡ್ಡವಾಗುತ್ತಾ ಹೋಗಿ ಫೆಮ್ಟೊಸೆಕೆಂಡಿಗೆ ಇಳಿಯಿತು. ಈಜಿಪ್ಟಿನಲ್ಲಿ ಹುಟ್ಟಿ ಕ್ಯಾಲ್ಟೆಕ್‌ನಲ್ಲಿ ದುಡಿದ ಅಹ್ಮದ್ ಜವೈಲ್ 1980ರ ದಶಕದ ಕೊನೆಗೆ ರಾಸಾಯನಿಕ ಬಂಧವೊಂದು ಕಡಿದುಹೋಗುವುದನ್ನು ಹೆಜ್ಜೆಹೆಜ್ಜೆಯಾಗಿ ನೋಡಿದರು. 1999ರ ರಸಾಯನವಿಜ್ಞಾನದ ನೊಬೆಲ್ ಅವರಿಗೆ ಸಂದಿತು. ಅವರ ವಿಧಾನ ಕೇಳಲು ಸರಳ. ಒಂದು ಪಲ್ಸು ಅಣುವನ್ನು ತಟ್ಟಿ ಕ್ರಿಯೆಯನ್ನು ಶುರುಮಾಡುತ್ತದೆ. ತುಸು ತಡೆದು ಬಂದ ಎರಡನೆಯ ಪಲ್ಸು, ಈಗ ಎಲ್ಲಿದ್ದೀ ಎಂದು ವಿಚಾರಿಸುತ್ತದೆ. ಎರಡರ ನಡುವಿನ ಅಂತರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ, ಅದೇ ಪ್ರಶ್ನೆಯನ್ನು ಸಾವಿರ ಸಾವಿರ ಸಲ ಕೇಳುತ್ತಾ ಹೋದರೆ ನಡೆದದ್ದರ ಪೂರ್ತಿ ಕಥೆ ಸಿಗುತ್ತದೆ.

ನನಗೆ ಬಹಳ ಇಷ್ಟವಾದದ್ದು ಆ ಅಂತರವನ್ನು ಏರ್ಪಡಿಸುವ ರೀತಿ. ಅಲ್ಲಿ ಗಡಿಯಾರವೇ ಇಲ್ಲ. ಒಂದು ಲೇಸರ್ ಕಿರಣವನ್ನು ಎರಡಾಗಿ ಸೀಳುತ್ತಾರೆ. ಒಂದು ನೆಟ್ಟಗೆ ಹೋಗುತ್ತದೆ. ಇನ್ನೊಂದು ಕನ್ನಡಿಯೊಂದಕ್ಕೆ ಬಡಿದು ವಾಪಸು ಬಂದು ಆಮೇಲೆ ಮೊದಲಿನದರ ಹಿಂದೆ ಹೊರಡುತ್ತದೆ. ಆ ಕನ್ನಡಿಯನ್ನು ಒಂದು ಮಿಲಿಮೀಟರಿನ ಆರೇಳು ಸಾವಿರದ ಒಂದು ಪಾಲಿನಷ್ಟು ಹಿಂದಕ್ಕೆ ಸರಿಸಿದರೆ ಬೆಳಕಿಗೆ ಹೋಗಿ ಬರುವ ದಾರಿ ಅದರ ಇಮ್ಮಡಿ ಉದ್ದವಾಗುತ್ತದೆ, ಎರಡನೆಯ ಪಲ್ಸು ಒಂದು ಫೆಮ್ಟೊಸೆಕೆಂಡ್ ತಡವಾಗಿ ಬರುತ್ತದೆ. ಕಾಲವನ್ನು ದೂರದಿಂದ ಅಳೆಯುವ ಕೆಲಸ. ಕತ್ತಲೆ ಕೋಣೆಯಲ್ಲಿ, ನಡುಗದಂತೆ ಕಟ್ಟಿದ ಭಾರಿ ಮೇಜಿನ ಮೇಲೆ ಕನ್ನಡಿಗಳು. ಪಕ್ಕದ ರಸ್ತೆಯಲ್ಲಿ ಲಾರಿ ಹೋದರೂ, ಕೋಣೆಯ ಬಿಸಿ ತುಸು ಏರಿದರೂ ಅಳತೆ ತಪ್ಪುತ್ತದೆ. ಇಂಥ ಕೋಣೆಯಲ್ಲಿ ಕೂತು ಇಡೀ ರಾತ್ರಿ ಒಂದೇ ಅಳತೆಗಾಗಿ ಕಾಯುವ ಜನರ ತಾಳ್ಮೆಯನ್ನು ನೆನೆದರೆ ನನಗೆ ಗೌರವ ಮೂಡುತ್ತದೆ.

ಪಲ್ಸು ಗಿಡ್ಡವಾದರೆ ಸಾಲದು, ಪ್ರಬಲವೂ ಆಗಬೇಕು. ಇಲ್ಲಿ ಒಂದು ತೊಡಕಿತ್ತು. ಗಿಡ್ಡ ಪಲ್ಸಿನ ಶಕ್ತಿ ಹೆಚ್ಚಿಸಹೋದರೆ ಅದರ ಬಲಕ್ಕೆ ಶಕ್ತಿ ತುಂಬುವ ಹರಳೇ ಸುಟ್ಟುಹೋಗುತ್ತಿತ್ತು. 1985ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ ಜೆರಾರ್ ಮೂರೂ ಮತ್ತು ಅವರ ವಿದ್ಯಾರ್ಥಿನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ದಾರಿ ಕಂಡುಕೊಂಡರು: ಪಲ್ಸನ್ನು ಮೊದಲು ಕಾಲದಲ್ಲಿ ಉದ್ದಕ್ಕೆ ಎಳೆಯುವುದು, ಎಳೆದದ್ದಕ್ಕೆ ಶಕ್ತಿ ತುಂಬುವುದು, ಕೊನೆಗೆ ಮತ್ತೆ ಗಿಡ್ಡಕ್ಕೆ ಒತ್ತುವುದು. 2018ರ ಭೌತವಿಜ್ಞಾನದ ನೊಬೆಲಿನ ಅರ್ಧ ಪಾಲು ಇದಕ್ಕೆ. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಬ್ಲೇಡಿನ ಬದಲು ಫೆಮ್ಟೊಸೆಕೆಂಡ್ ಲೇಸರ್ ಬಳಸುತ್ತಾರಲ್ಲ, ಅದರ ಹಿಂದೆಯೂ ಈ ಬಗೆಯ ಪಲ್ಸುಗಳಿವೆ. ಆದರೆ ನಾನು ಹೇಳಬೇಕೆಂದಿರುವುದು ಇನ್ನೊಂದನ್ನು. ಈ ಲೇಸರಿನ ಬೆಳಕನ್ನು ಒಂದು ಚುಕ್ಕೆಗೆ ಕೂಡಿಸಿದಾಗ ಅದರ ವಿದ್ಯುತ್ ಕ್ಷೇತ್ರ ಪರಮಾಣು ತನ್ನ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಂಡ ಬಲಕ್ಕೆ ಸರಿಸಾಟಿಯಾಗತೊಡಗುತ್ತದೆ. ಅಲ್ಲಿಂದ ಮುಂದೆ ಬೆಳಕು ಪರಮಾಣುವನ್ನು ಸುಮ್ಮನೆ ತಟ್ಟುವುದಿಲ್ಲ. ಅದರೊಳಗೆ ಕೈ ಹಾಕುತ್ತದೆ.

ಪರಮಾಣುವಿಗೂ ಬೆಳಕಿಗೂ ನಡುವಿನ ಮಾತುಕತೆಯನ್ನು ಆಲಿಸುವ ಕೆಲಸ ನಮ್ಮ ಸೀಮೆಗೆ ಹೊಸದೇನಲ್ಲ. 1868ರ ಆಗಸ್ಟ್ 18ರ ಬೆಳಿಗ್ಗೆ ಪೂರ್ಣ ಸೂರ್ಯಗ್ರಹಣವಾಯಿತು. ನೆರಳಿನ ಪಟ್ಟಿ ವಿಜಯಪುರ, ಜಮಖಂಡಿಗಳ ಮೇಲೆ ಹಾದು ಗುಂಟೂರಿನ ಕಡೆಗೆ ಸಾಗಿತು. ವಿಜಯಪುರ ಸೊಲ್ಲಾಪುರದಿಂದ ತೆಂಕಣಕ್ಕೆ ನೂರು ಕಿಲೋಮೀಟರ್. ಅಂದು ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿಯೂ ಬೆಳಗಿನ ಬಿಸಿಲು ಮಂಕಾಗಿರಲೇಬೇಕು. ಸಂತ ಸ್ವಾಮಿ ಸಮರ್ಥರು ಅಕ್ಕಲಕೋಟೆಯಲ್ಲಿದ್ದ ಕಾಲ ಅದು. ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್, ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಶೆಲ್, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ ಹಿಡಿದು ಕಾದಿದ್ದರು. ಈ ಹರ್ಶೆಲ್, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಶೆಲರ ಮೊಮ್ಮಗ. ಮಳೆಗಾಲದ ಮೋಡ. ಗ್ರಹಣ ಹಿಡಿದ ಕೆಲವೇ ನಿಮಿಷಗಳಲ್ಲಿ ಮೋಡ ಸರಿದಾಗ ಸಿಕ್ಕಷ್ಟೇ ನೋಟ. ಚಂದ್ರನ ಕರಿ ಅಂಚಿನಿಂದ ಹೊರಗೆ ಚಾಚಿದ ಜ್ವಾಲೆಯ ಕಡೆಗೆ ದೂರದರ್ಶಕ ತಿರುಗಿಸಿದಾಗ ಹರ್ಶೆಲರಿಗೆ ಕಂಡದ್ದು ಮೂರು ಹೊಳೆಯುವ ಗೆರೆಗಳು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ನಡುವೆ ಕಾಮನಬಿಲ್ಲಿನ ಉಳಿದ ಬಣ್ಣಗಳಿಲ್ಲ. ಕಾದ ಅನಿಲ ಮಾತ್ರ ಹೀಗೆ ಬಿಡಿಬಿಡಿ ಗೆರೆಗಳಲ್ಲಿ ಬೆಳಗುತ್ತದೆ. ಸೂರ್ಯನ ಜ್ವಾಲೆ ಅನಿಲವೆಂಬುದು ಅಂದು ಕೆಲವು ನಿಮಿಷಗಳಲ್ಲಿ ಇತ್ಯರ್ಥವಾಯಿತು.

ಕೆಂಪು, ನೀಲಿ ಗೆರೆಗಳು ಜಲಜನಕದವು. ಕಿತ್ತಳೆಯದನ್ನು ಮೊದಲು ಸೋಡಿಯಮ್ಮಿನದೆಂದು ಬಗೆದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಆ ಗೆರೆ ಸೋಡಿಯಮ್ಮಿನ ಜಾಗದಲ್ಲಿ ಇಲ್ಲ, ಅದರ ಪಕ್ಕದಲ್ಲಿದೆ ಎಂದು ಗುರುತಿಸಿದರು. ಭೂಮಿಯಲ್ಲಿ ಅಂಥ ಗೆರೆ ಕೊಡುವ ಧಾತು ಯಾರಿಗೂ ಗೊತ್ತಿರಲಿಲ್ಲ. ಸೂರ್ಯನ ಹೆಸರಿನಿಂದಲೇ ಅದನ್ನು ಹೀಲಿಯಂ ಎಂದು ಕರೆದರು. ಇಲ್ಲಿ, ನೆಲದ ಮೇಲೆ, ವಿಲಿಯಂ ರ‍್ಯಾಮ್ಸೆಯವರ ಕೈಗೆ ಅದು ಸಿಕ್ಕಿದ್ದು 27 ವರ್ಷಗಳ ಮೇಲೆ, 1895ರಲ್ಲಿ. ಜಮಖಂಡಿಯ ಮೋಡಗಳ ಸಂದಿಯಲ್ಲಿ ಕಂಡ ಒಂದು ಬಣ್ಣದ ಗೆರೆ, ಅದು ಯಾವ ಪರಮಾಣುವಿನದೆಂದು ತಿಳಿಯಲು ಅಷ್ಟು ಕಾಯಬೇಕಾಯಿತು.

ಆದರೆ ಗೆರೆ ಹೇಳುವುದು ಪರಮಾಣು ಯಾರೆಂಬುದನ್ನು. ಬೆಳಕು ಬಿದ್ದಾಗ ಅದು ಎಷ್ಟು ಹೊತ್ತಿಗೆ ಓಗೊಡುತ್ತದೆ ಎಂಬುದನ್ನು ಹೇಳುವುದಿಲ್ಲ. ಲೋಹದ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಏಕೆ ಚಿಮ್ಮುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ವಿವರಿಸಿದರು. ಪಠ್ಯಪುಸ್ತಕಗಳು ಇಂದಿಗೂ ಆ ಚಿಮ್ಮುವಿಕೆ ತತ್‌ಕ್ಷಣ ಆಗುತ್ತದೆ ಎಂದೇ ಕಲಿಸುತ್ತವೆ: ಬೆಳಕು ಬಿದ್ದದ್ದಕ್ಕೂ ಎಲೆಕ್ಟ್ರಾನ್ ಬಂದದ್ದಕ್ಕೂ ನಡುವೆ ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಷ್ಟೂ ತಡವಿಲ್ಲ. ಅಳೆಯುವ ಸಾಧನ ಅಲ್ಲಿಗೆ ನಿಂತಿತ್ತು, ನಮ್ಮ ಪ್ರಶ್ನೆಯೂ ಅಲ್ಲಿಗೇ ನಿಂತಿತು.

ಪ್ರಶ್ನೆ ಮತ್ತೆ ಹೊರಟದ್ದು 1987ರಲ್ಲಿ. ಫ್ರಾನ್ಸಿನ ಸ್ಯಾಕ್ಲೇಯಲ್ಲಿ ಆನ್ ಲ್ಹುಯಿಲ್ಲಿಯೆ ಮತ್ತು ಸಂಗಡಿಗರು ಅವಕೆಂಪು ಲೇಸರ್ ಬೆಳಕನ್ನು ಆರ್ಗಾನ್ ಅನಿಲದ ಮೂಲಕ ಹಾಯಿಸಿದರು. ಆಚೆ ಬದಿಗೆ ಬಂದ ಬೆಳಕಿನಲ್ಲಿ ಮೂಲ ಆವರ್ತನದ ಮೂರರಷ್ಟು, ಐದರಷ್ಟು, ಏಳರಷ್ಟು, ಹೀಗೆ ಬೆಸ ಪಟ್ಟುಗಳಲ್ಲಿ ಹೊಸ ಬೆಳಕುಗಳಿದ್ದವು. ಮೇಲೆ ಹೋದಂತೆ ಅವು ಬೇಗಬೇಗ ಕ್ಷೀಣಿಸುತ್ತವೆ ಎಂಬುದು ಎಲ್ಲರ ಎಣಿಕೆ. ಶುರುವಿನಲ್ಲಿ ಕ್ಷೀಣಿಸಿದವು, ನಿಜ. ಆಮೇಲೆ ಇಳಿಯುವುದನ್ನೇ ಬಿಟ್ಟು ಒಂದೇ ಮಟ್ಟದಲ್ಲಿ 33ನೆಯದರವರೆಗೂ ಸಾಗಿದವು. ಯಾಕೆಂದು ಹೇಳಲು ಆರು ವರ್ಷ ಹಿಡಿಯಿತು. 1993ರಲ್ಲಿ ಕೆನಡಾದ ಪಾಲ್ ಕೋರ್ಕಮ್ ಕೊಟ್ಟ ವಿವರಣೆ ಸೊಲ್ಲಾಪುರದವರಿಗೆ ಚಾದರದ ಮಗ್ಗ ನೋಡಿದಷ್ಟು ಸುಲಭವಾಗಿ ತಿಳಿಯುತ್ತದೆ. ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುತ್ತದೆ, ಅಲ್ಲಿಂದ ಒದೆಸಿಕೊಂಡು ಮರಳಿ ಬರುತ್ತದೆ. ಬೆಳಕಿನ ತರಂಗದ ಕ್ಷೇತ್ರ ಏರಿದಾಗ ಎಲೆಕ್ಟ್ರಾನನ್ನು ಪರಮಾಣುವಿನಿಂದ ಹೊರಗೆಳೆಯುತ್ತದೆ. ಅರ್ಧ ಆವರ್ತ ಕಳೆದು ಕ್ಷೇತ್ರ ದಿಕ್ಕು ಬದಲಿಸಿದಾಗ ಅದೇ ಎಲೆಕ್ಟ್ರಾನು ಹಿಂದಕ್ಕೆ ತಳ್ಳಿಸಿಕೊಂಡು ಬಿಟ್ಟ ಮನೆಗೇ ಬಂದು ಬಡಿಯುತ್ತದೆ. ದಾರಿಯಲ್ಲಿ ಕೂಡಿಸಿದ ಶಕ್ತಿಯೆಲ್ಲ ಆ ಹೊಡೆತದಲ್ಲಿ ಬೆಳಕಾಗಿ ಸಿಡಿಯುತ್ತದೆ. ಕಣ್ಣಿಗೆ ಕಾಣದ ಅತಿನೇರಳೆಯಾಚೆಯ ಬೆಳಕು ಅದು. ಗಾಳಿಯಲ್ಲಿ ಸಾಗದು, ನಿರ್ವಾತದಲ್ಲೇ ಹಿಡಿಯಬೇಕು. ಲೇಸರ್ ತರಂಗದ ಒಂದು ಆವರ್ತಕ್ಕೆ ಹಿಡಿಯುವುದು ಕೆಲವೇ ಫೆಮ್ಟೊಸೆಕೆಂಡು. ಹಾಗಾಗಿ ಅದರೊಳಗಿನ ಸಿಡಿತ ಅದಕ್ಕಿಂತ ಬಹಳ ಗಿಡ್ಡ.

ಎಷ್ಟು ಗಿಡ್ಡ ಎಂಬುದನ್ನು 2001ರಲ್ಲಿ ಇಬ್ಬರು ತೋರಿಸಿದರು. ಫ್ರಾನ್ಸಿನಲ್ಲಿ ಪಿಯೆರ್ ಅಗೊಸ್ಟಿನಿಯವರ ಬಳಗ 250 ಅಟ್ಟೊಸೆಕೆಂಡಿನ ಪಲ್ಸುಗಳ ಸರಣಿಯನ್ನು ಅಳೆಯಿತು. ವಿಯೆನ್ನಾದಲ್ಲಿ ಫೆರೆಂಕ್ ಕ್ರೌಸ್ ಅವರ ಬಳಗ 650 ಅಟ್ಟೊಸೆಕೆಂಡಿನ ಒಂಟಿ ಪಲ್ಸನ್ನು ಪಡೆಯಿತು. ಸಾವಿರ ಅಟ್ಟೊಸೆಕೆಂಡ್ ಕೂಡಿದರೆ ಒಂದು ಫೆಮ್ಟೊಸೆಕೆಂಡ್. ಒಂದು ಅಟ್ಟೊಸೆಕೆಂಡಿನಲ್ಲಿ ಬೆಳಕು ಕೂಡ ಜಲಜನಕದ ಮೂರು ಪರಮಾಣುಗಳನ್ನು ಸಾಲಾಗಿ ಇಟ್ಟಷ್ಟು ದೂರ ಹೋಗುತ್ತದೆ, ಅಷ್ಟೆ. 2023ರ ಭೌತವಿಜ್ಞಾನದ ನೊಬೆಲನ್ನು ಲ್ಹುಯಿಲ್ಲಿಯೆ, ಅಗೊಸ್ಟಿನಿ, ಕ್ರೌಸ್ ಮೂವರೂ ಹಂಚಿಕೊಂಡರು. ಸುದ್ದಿ ಬಂದಾಗ ಆನ್ ಲ್ಹುಯಿಲ್ಲಿಯೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು; ಕರೆಗೆ ಉತ್ತರ ಕೊಟ್ಟು ಮತ್ತೆ ತರಗತಿಗೆ ಹೋಗಿ ಪಾಠ ಮುಗಿಸಿದರು. ಈ ವಿಜ್ಞಾನಿಯ ಬಗ್ಗೆ ನನಗಿರುವ ಪ್ರೀತಿಗೆ ಅವರ ಸಂಶೋಧನೆ ಎಷ್ಟು ಕಾರಣವೋ ಆ ಪಾಠವೂ ಅಷ್ಟೇ ಕಾರಣ.

ಹೊಸ ಗಡಿಯಾರ ಕೈಗೆ ಬಂದ ಮೇಲೆ ಹಳೆಯ ಪ್ರಶ್ನೆಯನ್ನು ಹೀಲಿಯಂಗೇ ಹಾಕಿದರು. ಅದರಲ್ಲಿ ಇರುವುದು ಎರಡೇ ಎಲೆಕ್ಟ್ರಾನು. ಲೆಕ್ಕಕ್ಕೆ ಸಿಗುವ ಪರಮಾಣು. 2016ರಲ್ಲಿ ಜರ್ಮನಿಯ ಗಾರ್ಶಿಂಗ್‌ನಲ್ಲಿ ಕ್ರೌಸ್ ಅವರ ಬಳಗ ಪ್ರಕಟಿಸಿದ ಅಳತೆಯ ಪ್ರಕಾರ ಬೆಳಕು ಬಿದ್ದ ಮೇಲೆ ಎಲೆಕ್ಟ್ರಾನು ಹೀಲಿಯಂ ಬಿಟ್ಟು ಹೊರಡಲು 7ರಿಂದ 20 ಅಟ್ಟೊಸೆಕೆಂಡ್ ಹಿಡಿಯುತ್ತದೆ. ಎಷ್ಟು ಎಂಬುದು ಹೊರಡುವ ಎಲೆಕ್ಟ್ರಾನಿನ ಮೇಲಷ್ಟೇ ನಿಂತಿಲ್ಲ. ಹಿಂದೆ ಉಳಿಯುವ ಇನ್ನೊಂದರ ಮೇಲೂ ಇದೆ. ಬಂದ ಶಕ್ತಿಯಲ್ಲಿ ಉಳಿದವನಿಗೂ ಪಾಲು ಹೋದರೆ ಹೊರಡುವವನಿಗೆ ದಾರಿ ಬೇರೆಯಾಗುತ್ತದೆ. ತತ್‌ಕ್ಷಣ ಎಂದು ನೂರು ವರ್ಷ ಕಲಿಸಿದ ಮಾತಿನ ಒಳಗೆ ಇಬ್ಬರ ನಡುವಿನ ಇಂಥದೊಂದು ವ್ಯವಹಾರ ಅಡಗಿತ್ತು. ಇದನ್ನು ಓದಿದ ಮೇಲೆ ನನಗೆ ಅನ್ನಿಸಿದ್ದು, ನಾವು ಬೇಗನೆ ತೀರ್ಮಾನಕ್ಕೆ ಬಂದ ಕಡೆಗಳಲ್ಲೆಲ್ಲ ಹೀಗೇ ಯಾರದೋ ಪಾಲಿನ ಕಥೆ ಕಾಣದೆ ಉಳಿದಿರುತ್ತದೆ. ಮನುಷ್ಯರ ವಿಷಯದಲ್ಲಂತೂ ಖಂಡಿತ.

ಭಾರತದಲ್ಲಿ ಈ ಹಾದಿ ಬಿಸಿಲಿನಿಂದಲೇ ಶುರುವಾಯಿತು. 1928ರಲ್ಲಿ ಸಿ. ವಿ. ರಾಮನ್, ಅಣುಗಳಿಗೆ ತಾಗಿ ಚದುರಿದ ಬೆಳಕಿನ ಬಣ್ಣ ತುಸು ಬದಲಾಗುವ ತಮ್ಮ ಪರಿಣಾಮವನ್ನು ಕಂಡದ್ದು ಮೊದಲು ಸೂರ್ಯನ ಬೆಳಕನ್ನೇ ಮಸೂರದಿಂದ ಕೂಡಿಸಿ ದ್ರವಗಳ ಮೂಲಕ ಹಾಯಿಸಿ. ಪಾದರಸದ ದೀಪ ಆಮೇಲೆ ಬಂತು. 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ ನಾಗೇಂದ್ರನಾಥರ ಜೊತೆ ಸೇರಿ, ದ್ರವದಲ್ಲಿ ಶಬ್ದ ತರಂಗ ಹಾಯುವಾಗ ಅದರ ಮೂಲಕ ಹೋಗುವ ಬೆಳಕು ಹೇಗೆ ಕವಲೊಡೆಯುತ್ತದೆ ಎಂಬ ಸಿದ್ಧಾಂತ ಕಟ್ಟಿದರು. 1930ರ ದಶಕದ ಆ ಬೆಂಗಳೂರಿನ ಲೆಕ್ಕ ಈಗಲೂ ಕೆಲಸದಲ್ಲಿದೆ: ಶಬ್ದದಿಂದ ಬೆಳಕನ್ನು ಬಾಗಿಸುವ ಸಲಕರಣೆಗಳು ಇಂದಿನ ಫೆಮ್ಟೊಸೆಕೆಂಡ್ ಪ್ರಯೋಗಾಲಯಗಳಲ್ಲಿ ಪಲ್ಸುಗಳನ್ನು ಆರಿಸುತ್ತವೆ, ತಿದ್ದುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವ ಉಮಾಪತಿಯವರ ಬಳಗ ರಾಮನ್ ಪರಿಣಾಮವನ್ನೇ ಫೆಮ್ಟೊಸೆಕೆಂಡ್ ಪಲ್ಸುಗಳಿಗೆ ಹೊಂದಿಸಿ ಅಣುಗಳ ಕ್ಷಣಕ್ಷಣದ ರೂಪವನ್ನು ಓದುವ ವಿಧಾನ ಬೆಳೆಸಿತು.

ರಾತ್ರಿ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮುಂಬಯಿ. ಅಲ್ಲಿ ಕೊಲಾಬಾದ ಕೊನೆಯಲ್ಲಿ, ಸಮುದ್ರಕ್ಕೆ ಅಂಟಿಕೊಂಡು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇದೆ. ಜಿ. ರವೀಂದ್ರ ಕುಮಾರ್ ಅವರು ಅಲ್ಲಿ ಪ್ರಬಲ ಲೇಸರ್ ಪಲ್ಸು ಘನವಸ್ತುವಿಗೆ ಬಡಿದಾಗ ಹುಟ್ಟುವ ಪ್ಲಾಸ್ಮಾ ಮತ್ತು ಅದರ ಪ್ರಕ್ಷುಬ್ಧ ಕಾಂತಕ್ಷೇತ್ರಗಳನ್ನು ಅಳೆದರು. ನಕ್ಷತ್ರಗಳ ಸುತ್ತ ನಡೆಯುವಂಥದನ್ನು ಮೇಜಿನ ಮೇಲೆ ನೋಡಿದ ಈ ಕೆಲಸಕ್ಕೆ 2015ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂತು. ಅಲ್ಲಿಯೇ ದೀಪಕ್ ಮಾಥುರ್ ಅವರ ಬಳಗ ಬಿಡಿ ಅಣುಗಳ ಮೇಲೆ ಇಂಥ ಬೆಳಕು ಬಿದ್ದರೆ ಏನಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಹಿಂಬಾಲಿಸಿತು.

ಏನಾಗುತ್ತದೆ? ಅಣು ಒಡೆಯುತ್ತದೆ. ಪಲ್ಸು ಒಂದಲ್ಲ, ಹಲವು ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಉಳಿದ ಪರಮಾಣುಗಳೆಲ್ಲ ಧನ ವಿದ್ಯುದಂಶದವು. ಒಂದನ್ನೊಂದು ದೂಡುತ್ತಾ ನಾಲ್ಕು ದಿಕ್ಕಿಗೆ ಹಾರುತ್ತವೆ. ಯಾವ ಚೂರು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತಿಗೆ ಶೋಧಕಕ್ಕೆ ಬಂತು ಎಂದು ಗುರುತು ಮಾಡಿಕೊಂಡು, ಹಿಂದಕ್ಕೆ ಲೆಕ್ಕ ಹಾಕಿದರೆ ಒಡೆಯುವ ಮುಂಚಿನ ಅಣುವಿನ ಆಕಾರ ತಿಳಿಯುತ್ತದೆ. ನೀರಿನ ಅಣುವಿನಲ್ಲಿ ಜಲಜನಕ ಹಗುರ. ಆಮ್ಲಜನಕದ ಜೊತೆಗಿನ ಅದರ ಬಂಧ ಒಮ್ಮೆ ಹಿಗ್ಗಿ ಕುಗ್ಗಲು 9–10 ಫೆಮ್ಟೊಸೆಕೆಂಡ್ ಸಾಕು. ಪಲ್ಸು ಅದಕ್ಕಿಂತ ಉದ್ದವಾದರೆ ಅದು ಮುಗಿಯುವುದರೊಳಗೆ ಜಲಜನಕ ಜಾಗ ಬಿಟ್ಟಿರುತ್ತದೆ. ಸಿಗುವುದು ಒಡೆಯುತ್ತಿರುವ ಅಣುವಿನ ಕಲಸಿದ ಚಿತ್ರ. ಗಿಡ್ಡವಾದರೆ, ಅಣು ಅಲುಗುವ ಮುಂಚೆ ಅದು ಹೇಗಿತ್ತೋ ಹಾಗೆ ದಕ್ಕುತ್ತದೆ.

ಇಲ್ಲಿ ನನ್ನ ಮನಸ್ಸು ತಡೆದು ನಿಲ್ಲುತ್ತದೆ. ನೋಡುವುದಕ್ಕಾಗಿ ಒಡೆಯಬೇಕು. ಮುಟ್ಟದೆ ನೋಡುವುದು ಅಷ್ಟು ಆಳದಲ್ಲಿ ಸಾಧ್ಯವಿಲ್ಲ. ಬೆಳಕು ಎಂದರೆ ಬರೀ ತೋರಿಸುವಂಥದು ಎಂದು ನಾವು ನಂಬಿಕೊಂಡು ಬಂದಿದ್ದೇವೆ. ದೀಪ ಹಚ್ಚಿದರೆ ಕೋಣೆಯಲ್ಲಿನ ವಸ್ತು ಇದ್ದಂತೆಯೇ ಇರುತ್ತದೆ, ನಮಗೆ ಕಾಣುತ್ತದೆ, ಅಷ್ಟೇ ಎಂದು. ಪರಮಾಣುವಿನ ಮಟ್ಟದಲ್ಲಿ ಹಾಗಿಲ್ಲ. ಕಣ್ಣಿನ ರೆಟಿನಾಲಿನಲ್ಲಿಯೂ ಹಾಗಿರಲಿಲ್ಲ: ಬೆಳಕು ಬಂದು ತಿರುಚಿದ್ದರಿಂದಲೇ ನಾವು ಕಂಡದ್ದು. ಕಾಣುವಿಕೆಗೆ ಎರಡೂ ಕಡೆ ಏನೋ ಬದಲಾಗಲೇಬೇಕು. ವಿಜ್ಞಾನಿಗಳು ಇದನ್ನು ಅಡ್ಡಿಯೆಂದು ಬಿಟ್ಟುಬಿಡಲಿಲ್ಲ. ಮುಟ್ಟಿದ್ದರಿಂದ ಎಷ್ಟು ಕೆಟ್ಟಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿದು, ಅದನ್ನು ಕಳೆದು, ಮುಟ್ಟುವ ಮೊದಲಿನ ಸ್ಥಿತಿಯನ್ನು ಹೇಳುತ್ತಾರೆ. ಆ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ.

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಮಕ್ಕಳು ಬಾಲಭಾರತಿಯ ಕನ್ನಡ ಪುಸ್ತಕದಲ್ಲಿ ವಿಜ್ಞಾನ ಓದುತ್ತಾರೆ. ಬೆಳಕಿನ ವಕ್ರೀಭವನ, ಪರಮಾಣುವಿನ ರಚನೆ ಅವರಿಗೆ ಮೊದಲು ತಿಳಿಯುವುದು ಕನ್ನಡದಲ್ಲಿ. ಹತ್ತನೆಯದು ಮುಗಿದ ಮೇಲೆ ದಾರಿ ಮರಾಠಿಗೋ ಇಂಗ್ಲಿಷಿಗೋ ತಿರುಗುತ್ತದೆ. ಸೊಲ್ಲಾಪುರದಲ್ಲೇ 2004ರಿಂದ ವಿಶ್ವವಿದ್ಯಾಲಯವಿದೆ, ಭೌತವಿಜ್ಞಾನ ಕಲಿಸುತ್ತಾರೆ. ಅಲ್ಲಿಗೆ ತಲುಪುವ ಹುಡುಗಿಯೊಬ್ಬಳಿಗೆ ಹೀಲಿಯಮ್ಮಿನ ಗೆರೆ ತನ್ನ ಅಜ್ಜಿಯ ತವರಿನ ಕಡೆಯ ಜಮಖಂಡಿಯಲ್ಲಿ ಕಂಡಿತ್ತು ಎಂಬುದು ತನ್ನ ಮಾತಿನಲ್ಲೇ ತಿಳಿದಿರಬೇಕು ಎಂಬುದು ನನ್ನ ಆಸೆ. ಪರೀಕ್ಷೆಯ ಅಂಕಕ್ಕಾಗಿ ಹೇಳುತ್ತಿಲ್ಲ. ಪ್ರಶ್ನೆ ಕೇಳುವ ಹಕ್ಕು ತನಗೂ ಇದೆ ಎಂಬ ಧೈರ್ಯ ಬರಬೇಕಾದರೆ ಆ ಪ್ರಶ್ನೆಯ ಹಿಂದಿನ ದಾರಿ ತನ್ನೂರಿನ ಮೇಲೂ ಹಾದಿದೆ ಎಂದು ಗೊತ್ತಿರುವುದು ಒಳ್ಳೆಯದು.

ಕೇಳುವುದಕ್ಕೆ ಪ್ರಶ್ನೆಗಳೇನೂ ಮುಗಿದಿಲ್ಲ. ಯಾವುದೂ ಒಮ್ಮೆಲೇ ಆಗುವುದಿಲ್ಲ ಎಂದು ನಾನು ಇಷ್ಟು ಹೊತ್ತು ಹೇಳುತ್ತಾ ಬಂದೆನಲ್ಲ, ಆ ಮಾತನ್ನೇ ಅಲುಗಿಸುವ ಒಂದು ಪ್ರಯೋಗವಿದೆ. ಪ್ರಬಲ ಬೆಳಕು ಎಲೆಕ್ಟ್ರಾನನ್ನು ಹೊರಗೆಳೆಯುವಾಗ ಎಲೆಕ್ಟ್ರಾನು ತಡೆಗೋಡೆಯನ್ನು ಹತ್ತಿ ದಾಟುವುದಿಲ್ಲ, ಅದರೊಳಗಿಂದ ನುಸುಳುತ್ತದೆ. ಕ್ವಾಂಟಮ್ ಲೋಕದ ರೀತಿ ಅದು. ಹಾಗೆ ನುಸುಳಲು ಎಷ್ಟು ಹೊತ್ತು ಬೇಕು? 2017ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನವರು ಆರ್ಗಾನ್, ಕ್ರಿಪ್ಟಾನ್ ಅನಿಲಗಳಲ್ಲಿ ಅಳೆದು, ಹೊತ್ತು ಬೇಕು ಎಂದರು. 2019ರಲ್ಲಿ ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಬಳಗ ಜಲಜನಕದ ಮೇಲೆ ಅದೇ ಪ್ರಶ್ನೆ ಹಾಕಿತು. ಪ್ರಬಂಧದ ಮೊದಲ ಹೆಸರು ಸತ್ಯ ಸಾಯಿನಾಥ್ ಎಂಬ ಭಾರತೀಯ ತರುಣರದು. ಒಂದೇ ಎಲೆಕ್ಟ್ರಾನಿರುವ ಪರಮಾಣುವಾದ್ದರಿಂದ ಸಿದ್ಧಾಂತದ ಲೆಕ್ಕವನ್ನು ಪೂರ್ತಿ ನಿಖರವಾಗಿ ಮಾಡಿ ಅಳತೆಗೆ ಹೋಲಿಸಬಹುದಿತ್ತು. ಅವರಿಗೆ ತಡವೇ ಕಾಣಲಿಲ್ಲ. ಇದ್ದರೂ 1.8 ಅಟ್ಟೊಸೆಕೆಂಡಿಗಿಂತ ಕಡಿಮೆ ಎಂದರು.

ಅಂದರೆ ಇಲ್ಲೊಂದು ಕಡೆ, ಎಲ್ಲ ಅಳೆದು ನೋಡಿದ ಮೇಲೂ, ಒಮ್ಮೆಲೇ ಎಂಬ ಉತ್ತರ ನಿಂತಿದೆ. ನನಗೆ ಇದರಿಂದ ಬೇಸರವಾಗಲಿಲ್ಲ. ಅಳೆಯದೆ ಆಡಿದ ಹಳೆಯ ತತ್‌ಕ್ಷಣಕ್ಕೂ 1.8ರ ತನಕ ಕೈಯಾಡಿಸಿ ನೋಡಿ ಆಡಿದ ಈ ಮಾತಿಗೂ ಬಹಳ ಅಂತರವಿದೆ. ಹೈಡೆಲ್‌ಬರ್ಗಿನವರು ಅಳೆದದ್ದು ಮತ್ತು ಗ್ರಿಫಿತ್‌ನವರು ಅಳೆದದ್ದು ಒಂದನ್ನೇ ಹೌದೋ ಅಲ್ಲವೋ, ನುಸುಳುವ ಹೊತ್ತು ಎಂದರೆ ಎಲ್ಲಿಂದ ಎಣಿಸಿ ಎಲ್ಲಿಗೆ ನಿಲ್ಲಿಸಬೇಕು ಎಂಬ ವಾದ ಭೌತವಿಜ್ಞಾನಿಗಳ ನಡುವೆ ನಡೆದೇ ಇದೆ.